ಎಂಟನೆಯ ಕೆಲಸಗಾರ್ತಿ

ಹೋದ ತಿಂಗಳು ಒಂದು ಮಂಗಳವಾರ ನಾನು ಒಂದೇ ಒಂದು ನಿಜ ಹೇಳಿದೆ. ಅದಕ್ಕೆ ಬಿದ್ದ ಬೆಲೆ ಒಂದು ಲಕ್ಷ ಇಪ್ಪತ್ತು ಸಾವಿರ ಡಾಲರ್.

ರೂಪಾಯಿಗೆ ಗುಣಿಸಲು ಹೋಗಬೇಡಿ ಮಕ್ಕಳೇ. ನಾನು ಗುಣಿಸಿದೆ. ಆಮೇಲೆ ಎರಡು ದಿನ ಅನ್ನ ಸೇರಲಿಲ್ಲ.

ಪ್ರತಿ ವಾರ ನನ್ನ ಈ ಅಂಕಣ ಓದುವ ಮೊಮ್ಮಕ್ಕಳಿಗೆ (ಅಥವಾ ಅಪ್ಪ ಅಮ್ಮ ಓದಿ ಹೇಳುವಾಗ ಅರ್ಧ ಕೇಳಿಸಿಕೊಂಡು ಟಿವಿ ಕಡೆ ತಿರುಗುವ ಮೊಮ್ಮಕ್ಕಳಿಗೆ) ನನ್ನ ಸ್ವಭಾವ ಗೊತ್ತೇ ಇದೆ. ಹಳ್ಳಿ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವಳು. ನಾಲ್ಕು ಜನರ ಮುಂದೆ ಬಾಯಿ ಬರುವುದಿಲ್ಲ. ಬರೆಯುವುದಾದರೆ ಬರೆಯುತ್ತೇನೆ, ಕಾಗದ ತಿರುಗಿ ಮುಖ ನೋಡುವುದಿಲ್ಲವಲ್ಲ! ಅಂಥವಳು ಒಬ್ಬ ಸರ್ಕಾರಿ ಆಫೀಸರ ಎದುರು ಕುಳಿತು ತಲೆ ಎತ್ತಿ ಮಾತಾಡಿದೆ. ಅದೂ ಹೆಮ್ಮೆಯಿಂದ. ಅದೇ ಆಗಿದ್ದು ಅನಾಹುತ.

ಮೊದಲಿನಿಂದ ಹೇಳುತ್ತೇನೆ.

ನನ್ನ ಮಗಳು ಸುಮಾ, ಅಳಿಯ ಪ್ರಕಾಶ್ ಇಬ್ಬರದೂ ಒಂದು ಕಂಪನಿ ಇದೆ. ಕಂಪನಿ ಎಂದರೆ ದೊಡ್ಡ ಗಾಜಿನ ಕಟ್ಟಡ ಅಂದುಕೊಳ್ಳಬೇಡಿ. ದೋಸೆ ಹಿಟ್ಟಿನ ಕಂಪನಿ. ಸಿಡ್ನಿಯ ಪೆಂಡಲ್ ಹಿಲ್ ಸ್ಟೇಷನ್ ಹತ್ತಿರ, ಒಂದು ದಿನಸಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಎರಡು ಗ್ರೈಂಡರ್ ಇಟ್ಟುಕೊಂಡು ಶುರು ಮಾಡಿದರು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಿಟ್ಟು ತುಂಬಿ ಅಂಗಡಿ ಅಂಗಡಿಗೆ ಕೊಟ್ಟು ಬರುತ್ತಿದ್ದರು. ನಮ್ಮ ಜನಕ್ಕೆ ಭಾನುವಾರ ದೋಸೆ ಇಲ್ಲದಿದ್ದರೆ ಭಾನುವಾರವೇ ಅಲ್ಲ. ಹಿಟ್ಟು ಓಡಿತು. ಕ್ವೇಕರ್ಸ್ ಹಿಲ್‌ನಲ್ಲಿ ಮಾರ್ಟ್‌ಗೇಜ್ ಮೇಲೆ ಮನೆಯೂ ಆಯಿತು.

ಅಷ್ಟಕ್ಕೆ ಸುಮ್ಮನಿದ್ದರೆ? ಮೆಲ್ಬರ್ನಿನಲ್ಲೂ ಒಂದು ಯೂನಿಟ್ ಹಾಕೋಣ ಎಂದರು ಅಳಿಯಂದಿರು.

ದುಡ್ಡು? ಅದಕ್ಕೆ ಎರಡು ದಾರಿ ಸಿಕ್ಕಿದವು. ಮೊದಲನೆಯದು ಬ್ಯಾಂಕಿನದು. ಅವತ್ತು ಊಟದ ಟೇಬಲ್ಲಿನಲ್ಲಿ ಅವರು ಸುಮಾಗೆ ಬಿಡಿಸಿ ಹೇಳುತ್ತಿದ್ದದ್ದು ನನಗೆ ಅಡುಗೆಮನೆಗೆ ಕೇಳಿಸುತ್ತಿತ್ತು.

"ಲೈನ್ ಆಫ್ ಕ್ರೆಡಿಟ್ ಅಂದ್ರೆ ಸಾಲ ಅಲ್ಲ ಕಣೇ. ಬೇಕು ಅಂದಾಗ ತಗೋ, ದುಡ್ಡು ಬಂದಾಗ ತುಂಬು. ತಗೊಂಡಷ್ಟಕ್ಕೆ ಮಾತ್ರ ಬಡ್ಡಿ."

"ತುಂಬಕ್ಕಾಗದೇ ಇದ್ರೆ ರೀ?"

"ಮನೆ ಸೆಕ್ಯೂರಿಟಿ ಇದೆಯಲ್ಲ."

ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ನಮ್ಮ ಊರಿನ ಶೆಟ್ಟರ ಅಂಗಡಿಯಲ್ಲೂ ಇದೇ ವ್ಯವಹಾರ ಇತ್ತು. ಅದಕ್ಕೆ ಉದ್ದರಿ ಎನ್ನುತ್ತಿದ್ದೆವು. ಬೇಕಾದಾಗ ತರುವುದು, ಸುಗ್ಗಿಯಲ್ಲಿ ತೀರಿಸುವುದು. ಆದರೆ ಶೆಟ್ಟರು ಅರ್ಧ ಸೇರು ಬೆಲ್ಲಕ್ಕೆ ಮನೆ ಬರೆಸಿಕೊಳ್ಳುತ್ತಿರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮಗೆ ಹೇಳಿಕೊಟ್ಟರು. ಇಲ್ಲಿ ಕಾಲು ಚಾಚಿದ ಮೇಲೆ ಹಾಸಿಗೆಯನ್ನೇ ಬಾಡಿಗೆಗೆ ತರುತ್ತಾರೆ!

ಎರಡನೆಯದು ಇನ್ನೂ ವಿಚಿತ್ರ. ಮೆಲ್ಬರ್ನಿನ ಅಂಚಿನ ಒಂದು ಸಬರ್ಬ್‌ನಲ್ಲಿ ಫ್ಯಾಕ್ಟರಿಗಳು ಮುಚ್ಚಿಹೋಗಿದ್ದವು. ಅಲ್ಲಿ ಹೊಸದಾಗಿ ಯಾರಾದರೂ ಕೆಲಸ ಶುರು ಮಾಡಿದರೆ ಸರ್ಕಾರ ಒಂದು ಲಕ್ಷ ಇಪ್ಪತ್ತು ಸಾವಿರ ಡಾಲರ್ ಸಾಲ ಕೊಡುತ್ತದೆ. ಎಂಟು ಜನಕ್ಕೆ ಎರಡು ವರ್ಷ ಪೂರ್ತಿ, ಸಂಬಳದ ಕೆಲಸ ಕೊಟ್ಟರೆ ಆ ಸಾಲವನ್ನು ತಿರುಗಿ ಕೊಡುವ ಹಾಗೇ ಇಲ್ಲ. ಏಳೇ ಜನ ಆದರೆ? ಪೂರ್ತಿ ಕಟ್ಟಬೇಕು.

ಇದನ್ನು ನನಗೆ ವಿವರಿಸಿದವಳು ಮೊಮ್ಮಗಳು ಸಿಂಚನ. ಆಗ ಅವಳಿಗೆ ಹನ್ನೆರಡು ತುಂಬಿತ್ತು.

"ಅಜ್ಜಿ, ಇಟ್ಸ್ ಎ ಫರ್ಗಿವಬಲ್ ಲೋನ್. ಲೈಕ್... ಕ್ಷಮಿಸೋ ಸಾಲ."

"ಸಾಲ ಮಾಡೋದು ತಪ್ಪು ಅಂತ ಸರ್ಕಾರಕ್ಕೂ ಗೊತ್ತಾಯ್ತೇನೇ?"

"ನೋ ಅಜ್ಜಿ! ನೀನು ಗುಡ್ ಆಗಿದ್ರೆ ದೇ ಫರ್ಗೆಟ್ ಇಟ್."

ಸಾಲ ಕೊಟ್ಟವನು ಮರೆಯುವುದೇ? ನನಗೆ ನಂಬಿಕೆ ಬರಲಿಲ್ಲ. ಕಂಪನಿಯ ಲೆಕ್ಕ ನೋಡುವ ನವೀನ ಅಲ್ಲೇ ಕುಳಿತಿದ್ದ. ಹುಬ್ಬಳ್ಳಿ ಕಡೆಯ ಹುಡುಗ, ಇಲ್ಲಿಗೆ ಓದಲು ಬಂದು ಪಿಆರ್, ಅಂದರೆ ಇಲ್ಲೇ ನೆಲೆಸುವ ಪರವಾನಗಿ, ಮಾಡಿಕೊಂಡವನು. ನಕ್ಕ.

"ಅಜ್ಜಿ, ನಮ್ಮ ಕಡೆ ಸಾಲ ಮನ್ನಾ ಅಂತಾರಲ್ರೀ, ಅದ ಇದು. ಇಲ್ಲಿ ಮೊದಲ ಹೇಳಿ ಮನ್ನಾ ಮಾಡ್ತಾರ, ನಮ್ಮಲ್ಲಿ ಎಲೆಕ್ಷನ್ ಬಂದ ಮ್ಯಾಲೆ. ಅಷ್ಟ ಫರಕು!"

ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ನಿಮ್ಮ ಅಜ್ಜ (ಅವರು ಹೋಗಿ ಒಂಬತ್ತು ವರ್ಷವಾಯಿತು) ನಮ್ಮ ಹಳ್ಳಿಯ ಸಹಕಾರ ಸಂಘದಲ್ಲಿ ಕಾರ್ಯದರ್ಶಿ. ಒಂದು ಸಲ ಹೀಗೇ ಮನ್ನಾ ಬಂತು. ಅದಕ್ಕೆ ಹದಿನೈದು ದಿನ ಮುಂಚೆ, ಇವರ ಒತ್ತಾಯಕ್ಕೆ ಕೆಂಪಮ್ಮ ಎಂಬ ಹೆಂಗಸು ಓಲೆ ಮಾರಿ ಸಾಲ ಕಟ್ಟಿದ್ದಳು. ಕಟ್ಟದೇ ಇದ್ದವರಿಗೆಲ್ಲ ಮನ್ನಾ. ಕಟ್ಟಿದವಳಿಗೆ ಏನೂ ಇಲ್ಲ. ಬರಿಗಿವಿಯಲ್ಲಿ ನಮ್ಮ ಜಗಲಿ ಮುಂದೆ ನಿಂತು ಕೇಳಿದಳು, "ಸ್ವಾಮೀ, ನಾನು ಕಟ್ಟಿದ್ದು ತಪ್ಪಾಯ್ತಾ?" ಇವರು ಒಳಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ಅವತ್ತಿನಿಂದ ಮನ್ನಾ ಎಂಬ ಮಾತು ಕೇಳಿದರೆ ನನಗೆ ಕೆಂಪಮ್ಮನ ಕಿವಿ ಕಾಣುತ್ತದೆ.

ಇರಲಿ. ಮೆಲ್ಬರ್ನಿನಲ್ಲಿ ಯೂನಿಟ್ ಆಯಿತು. ಹೊಸ ಮೆಷಿನ್ನು, ಹೊಸ ಕೋಲ್ಡ್ ರೂಮು. ಏಳು ಜನ ಸೇರಿದರು. ಹಿಟ್ಟು ಮಾತ್ರ ಉಬ್ಬಲಿಲ್ಲ!

ಸಿಡ್ನಿಯ ಅಳತೆಯೇ, ಅದೇ ಅಕ್ಕಿ, ಅದೇ ಉದ್ದು. ಆದರೆ ಮೆಲ್ಬರ್ನಿನ ಚಳಿಗೆ ಹಿಟ್ಟು ಬೆಳಗಿನವರೆಗೂ ಸತ್ತ ಹಾಗೆ ಬಿದ್ದಿರುತ್ತಿತ್ತು. ಡ್ರಮ್ಮುಗಟ್ಟಲೆ ಚೆಲ್ಲಿದರು. ಮೆಷಿನ್ ಕಂಪನಿಯವನು ಬಂದು ಬಟನ್ ಒತ್ತಿ ನೋಡಿ ಹೋದ. ಕೊನೆಗೆ ಸುಮಾ ಫೋನ್ ಮಾಡಿದಳು. "ಅಮ್ಮಾ, ನೀನೇ ಬಾ."

ಹೋದೆ. ನೆನೆಹಾಕುವಾಗ ಮೆಂತ್ಯ ಜಾಸ್ತಿ ಮಾಡಿದೆ, ರುಬ್ಬುವಾಗ ಒಂದು ಹಿಡಿ ಅವಲಕ್ಕಿ ಸೇರಿಸಿದೆ, ಹಿಂದಿನ ದಿನದ ಹಿಟ್ಟು ಒಂದು ಲೋಟ ಬೆರೆಸಿದೆ. ಮೊಣಕೈವರೆಗೂ ತೊಳೆದುಕೊಂಡು ಕೈಯಲ್ಲೇ ಕಲೆಸಿದೆ. ಕೈಯ ಕಾವು ಮೆಷಿನ್ನಿಗೆ ಎಲ್ಲಿಂದ ಬರಬೇಕು? ಮರುದಿನ ಬೆಳಗ್ಗೆ ಡ್ರಮ್ಮಿನ ಮುಚ್ಚಳ ತಾನಾಗಿ ಮೇಲೆದ್ದಿತ್ತು. ಒಂದು ಚಮಚ ಹಿಟ್ಟು ನೀರಿಗೆ ಬಿಟ್ಟೆ. ತೇಲಿತು. ಸುಮಾ ನನ್ನನ್ನು ತಬ್ಬಿಕೊಂಡಳು, ಮೈಯೆಲ್ಲಾ ಹಿಟ್ಟು ಮಾಡಿಕೊಂಡು.

ನಾನು ಅಲ್ಲೇ ಉಳಿದೆ. ಸುಮಾ, ನಾನು ಮೆಲ್ಬರ್ನಿನ ಬಾಡಿಗೆ ಮನೆಯಲ್ಲಿ. ಪ್ರಕಾಶ್, ಸಿಂಚನ ಸಿಡ್ನಿಯಲ್ಲಿ. ಒಂದು ಸಾಲ ಒಂದು ಮನೆಯನ್ನು ಎರಡು ಊರಿಗೆ ಹಂಚಿತು. ಬೆಳಗ್ಗೆ ಆರಕ್ಕೆ ಹೋಗುತ್ತಿದ್ದೆ, ಮಧ್ಯಾಹ್ನ ಎರಡಕ್ಕೆ ಬರುತ್ತಿದ್ದೆ. ಏಳು ಜನ ಇದ್ದರಲ್ಲ, ಎಂಟನೆಯವಳು ನಾನೇ ಆದೆ. ನನಗೂ ಪಿಆರ್ ಇದೆ, ಕೆಲಸ ಮಾಡಲು ಅಡ್ಡಿಯಿಲ್ಲ. ನವೀನ ನನ್ನ ಹೆಸರಿನ ಮುಂದೆ 'ಫರ್ಮೆಂಟೇಷನ್ ಸೂಪರ್‌ವೈಸರ್' ಎಂದು ಬರೆದ. ಹಿಟ್ಟು ಹುಳಿ ಬರಿಸುವವಳು ಎಂಬುದಕ್ಕೆ ಇಷ್ಟು ದೊಡ್ಡ ಹೆಸರು ಇದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಮೊದಲ ಶುಕ್ರವಾರ ಸುಮಾ ಒಂದು ಕವರ್ ಕೈಗಿಟ್ಟಳು. ನನಗೆ ಬ್ಯಾಂಕ್ ಖಾತೆ ಇರಲಿಲ್ಲ, ತೆರೆಯುವುದಿಲ್ಲ ಎಂದು ಹಟ ಮಾಡಿದ್ದೆ. ಹಾಗಾಗಿ ಕವರಿನಲ್ಲಿ ನಗದು.

"ಏನೇ ಇದು?"

"ಸಂಬಳ."

ಕೈ ಸುಟ್ಟ ಹಾಗಾಯಿತು. ಮಕ್ಕಳೇ, ನಿಮಗೆ ಇದು ಹೇಗೆ ಅರ್ಥ ಮಾಡಿಸಲಿ? ಹೆಣ್ಣು ಕೊಟ್ಟ ಮನೆಯಲ್ಲಿ ಕೈ ಚಾಚಬಾರದು. ನಮ್ಮಮ್ಮ ನನ್ನ ಮನೆಗೆ ಬಂದರೆ ಒಂದು ಲೋಟ ಕಾಫಿ ಕುಡಿದಿದ್ದಕ್ಕೂ, ಹೊರಡುವಾಗ ಮಗುವಿನ ಮುಷ್ಟಿಯಲ್ಲಿ ಕಾಸು ಇಟ್ಟೇ ಹೋಗುತ್ತಿದ್ದಳು. ಕೊಡಲು ಕಾಸಿಲ್ಲದ ವರ್ಷ ಅವಳು ನಮ್ಮ ಮನೆಗೆ ಬರಲೇ ಇಲ್ಲ. ಅಂಥವಳ ಮಗಳು ನಾನು, ಅಳಿಯನಿಂದ ವಾರದ ಕೂಲಿ ಎಣಿಸಿಕೊಳ್ಳಲೇ?

"ಬೇಡ. ಇಟ್ಕೋ."

"ಅಮ್ಮಾ, ರೂಲ್ಸ್ ಇದೆ. ಕೊಡಲೇಬೇಕು."

"ಕೊಟ್ಟೆಯಲ್ಲ? ಸೈನ್ ಹಾಕಿದೆನಲ್ಲ? ಈಗ ಇದು ನನ್ನ ದುಡ್ಡು ತಾನೇ? ನನ್ನ ಮಗಳಿಗೆ ನಾನು ಕೊಡ್ತಿದ್ದೀನಿ. ಮುಚ್ಕೊಂಡು ತಗೋ. ನಿನ್ನ ಗಂಡನಿಗೆ ಹೇಳ್ಬೇಡ, ಬೇಜಾರು ಮಾಡ್ಕೋತಾರೆ."

ಸುಮಾ ನಕ್ಕಳು. "ಲಾಯರ್ ಆಗ್ಬೇಕಿತ್ತು ಕಣಮ್ಮ ನೀನು." ತೆಗೆದುಕೊಂಡಳು.

ಆಮೇಲೆ ಪ್ರತಿ ಶುಕ್ರವಾರ ಇದೇ ಆಟ. ಅವಳು ಕೊಡುವುದು, ನಾನು ಸೈನ್ ಹಾಕುವುದು, ಅವಳ ಕೈಗೇ ತುರುಕುವುದು. ಸಿಂಚನಾಗೆ ಬಟ್ಟೆಯೋ ಪುಸ್ತಕವೋ ತೆಗೆದುಕೊಡುತ್ತಾಳೆ ಎಂದುಕೊಂಡಿದ್ದೆ. ಅವಳು ಏನು ಮಾಡುತ್ತಿದ್ದಳು ಗೊತ್ತೇ? ಬ್ಯಾಂಕಿನ ಆ ಲೈನಿಗೆ ಬಡ್ಡಿ ಕಟ್ಟಲು ಸಾಲದೆ, ಪ್ರತಿ ಸೋಮವಾರ ಆ ಕವರನ್ನು ಕಂಪನಿಯ ಖಾತೆಗೇ ತುಂಬುತ್ತಿದ್ದಳು. ಕೌಂಟರ್ ಸೇಲ್, ಅಂದರೆ ಬಾಗಿಲಲ್ಲೇ ಹಿಟ್ಟು ಮಾರಿದ ದುಡ್ಡು ಎಂದು ಬರೆದು. ಅವಳೂ ಗಂಡನಿಗೆ ಹೇಳಲಿಲ್ಲ. ಎರಡು ವರ್ಷ.

ಆ ಎರಡು ವರ್ಷ ಮುಗಿಯಿತು. ಲೆಕ್ಕ ನೋಡಲು ಆ ಮಂಗಳವಾರ ಆಫೀಸರ್ ಬಂದರು. ಐವತ್ತರ ಆಸುಪಾಸಿನ ಹೆಂಗಸು, ನರೆತ ಕೂದಲು, ಮೃದು ಮಾತು. ಪ್ರಕಾಶ್ ಬೆಳಗಿನ ಮೊದಲ ವಿಮಾನದಲ್ಲಿ ಸಿಡ್ನಿಯಿಂದ ಬಂದಿದ್ದರು. ಸ್ಕೂಲಿಗೆ ರಜೆ ಎಂದು ಸಿಂಚನ ಆಗಲೇ ನಮ್ಮ ಜೊತೆ ಇದ್ದಳು. ನಾನು ಆಫೀಸರಿಗೆ ದೋಸೆ ಹಾಕಿ ಕೊಟ್ಟೆ. ಎರಡು ತಿಂದರು. ಚಟ್ನಿ ಇನ್ನೂ ಸ್ವಲ್ಪ ಹಾಕಿಸಿಕೊಂಡರು. ನನಗೆ ಧೈರ್ಯ ಬಂತು.

ಕೈ ತೊಳೆದುಕೊಂಡು ಬಂದು ಫೈಲ್ ತೆಗೆದರು. ಪುಟ ತಿರುಗಿಸುತ್ತಾ ತಿರುಗಿಸುತ್ತಾ ಒಂದು ಕಡೆ ನಿಂತರು. ಪೆನ್ಸಿಲಿನಿಂದ ಗುರುತು ಹಾಕಿದರು. ಇನ್ನೊಂದು ಗುರುತು. ಮತ್ತೊಂದು. ಪ್ರಕಾಶ್ ಕಡೆ ನೋಡಿ ಏನೋ ಕೇಳಿದರು. ಪ್ರಕಾಶ್ ಸುಮಾಳ ಕಡೆ ತಿರುಗಿದರು.

"ಪ್ರತಿ ಫ್ರೈಡೇ ಇಷ್ಟು ಕ್ಯಾಶ್ ಹೋಗಿದೆ, ಮಂಡೇ ಅಷ್ಟೇ ಕ್ಯಾಶ್ ಬಂದಿದೆ. ಪ್ರತಿ ವಾರ. ಒಂದು ಡಾಲರ್ ಹೆಚ್ಚಿಲ್ಲ, ಕಮ್ಮಿ ಇಲ್ಲ. ಏನಿದು ಸುಮಾ?"

ಸುಮಾಳ ಮುಖ ಚಳಿಗೆ ಉಬ್ಬದ ಹಿಟ್ಟಿನ ಹಾಗೆ ಆಗಿತ್ತು.

ಆಫೀಸರು ನನ್ನ ಹತ್ತಿರವೇ ಮಾತಾಡಬೇಕು ಎಂದರು. ದುಭಾಷಿಗೆ ಫೋನ್ ಮಾಡಿದರು. ಆ ಕಡೆಯವರು ಹಿಂದಿ ಬೇಕೇ, ತಮಿಳು ಬೇಕೇ ಎಂದರು. ಕನ್ನಡ ಅವತ್ತು ಇರಲಿಲ್ಲ. (ಕನ್ನಡ ಯಾವತ್ತು ಇರುತ್ತದೆ?) ಕೊನೆಗೆ ಅರೆಮನಸ್ಸಿನಿಂದ, ಮಗುವೇ ಹೇಳಲಿ ಎಂದರು. ಸಿಂಚನ ನನ್ನ ಪಕ್ಕದಲ್ಲಿ ಕುಳಿತಳು.

ಏನು ಕೆಲಸ ಮಾಡುತ್ತೀರಿ? ಹೇಳಿದೆ. ಎಷ್ಟು ಗಂಟೆ? ಅದನ್ನೂ ಹೇಳಿದೆ. ಹಿಟ್ಟು ತೇಲಬೇಕು ಎಂದದ್ದನ್ನು ಆಕೆ ಖುಷಿಯಿಂದ ಬರೆದುಕೊಂಡರು. ಆಮೇಲೆ ಆ ಪ್ರಶ್ನೆ.

"ಅಜ್ಜಿ, ನಿಂಗೆ ಸ್ಯಾಲರಿ ಕೊಡ್ತಾರಾ?"

ನನಗೆ ಮೈಯೆಲ್ಲ ಬೆಂಕಿ. ಮಗಳ ಮನೆಯಲ್ಲಿ ಕುಳಿತು ದುಡ್ಡು ಕೀಳುತ್ತೇನೆ ಎಂದುಕೊಂಡಳೇ ಈ ಹೆಂಗಸು? ನನ್ನ ದೋಸೆ ತಿಂದು? ಜೀವನದಲ್ಲಿ ಮೊದಲ ಸಲ ದೊಡ್ಡವರ ಮುಂದೆ ದನಿ ಎತ್ತಿದೆ.

"ಛೆ ಛೆ! ಒಂದು ಕಾಸೂ ಮುಟ್ಟಿಲ್ಲ ಅಂತ ಹೇಳು. ಮಗಳ ಮನೆ ದುಡ್ಡು ನಾನು ಮುಟ್ಟೋಳಲ್ಲ. ದೇವರಾಣೆ."

ಸಿಂಚನ ನನ್ನ ಮುಖ ನೋಡಿದಳು, ಅವಳಮ್ಮನ ಮುಖ ನೋಡಿದಳು. ಹದಿನಾಲ್ಕರ ಮಗುವಿಗೆ ಅರ್ಥವಾಗಿತ್ತು, ಅರವತ್ತಮೂರರ ನನಗೆ ಆಗಿರಲಿಲ್ಲ.

"ಅಜ್ಜಿ, ಆರ್ ಯೂ ಶೂರ್? ಅಮ್ಮ ಎನ್ವಲಪ್ ಕೊಡ್ತಿದ್ರಲ್ಲ?"

"ಕೊಡ್ತಿದ್ಳು. ಅಲ್ಲೇ ವಾಪಸ್ ಕೊಟ್ಟೆ. ಒಂದು ವಾರವೂ ತಪ್ಪಿಲ್ಲ. ಅದನ್ನೂ ಹೇಳು."

ಅವಳಿಗೆ ಬೇರೆ ಏನಾದರೂ ಹೇಳಿಬಿಡುವುದು ಎಷ್ಟು ಸುಲಭವಿತ್ತು! ಕನ್ನಡ ಬಲ್ಲವರು ಆ ಕೋಣೆಯಲ್ಲಿ ಇನ್ನಿಬ್ಬರೇ, ಅವಳ ಅಪ್ಪ ಅಮ್ಮ. ಮಗು ತಲೆ ತಗ್ಗಿಸಿತು. ನಿಧಾನವಾಗಿ, ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿತು. 'ಗಾಡ್ ಪ್ರಾಮಿಸ್' ಎಂದದ್ದು ನನಗೂ ತಿಳಿಯಿತು.

ಆಫೀಸರ ಪೆನ್ಸಿಲು ನಿಂತಿತು. ಒಂದು ಮಾತು ಹೇಳಿದರು. ವಾಲಂಟಿಯರ್.

"ಅಂದ್ರೇನೇ?"

"ಫ್ರೀಯಾಗಿ ಮಾಡೋರು ಅಜ್ಜಿ." ಸಿಂಚನ ಅಳುತ್ತಿದ್ದಳು. "ಫ್ರೀಯಾಗಿ ಮಾಡಿದ್ರೆ ಅದು ಜಾಬ್ ಅಲ್ವಂತೆ. ಸೋ ವಿ ಹ್ಯಾವ್ ಓನ್ಲಿ ಸೆವೆನ್."

ಅಷ್ಟೇ. ಮನ್ನಾ ಇಲ್ಲ. ಕ್ಷಮೆ ಇಲ್ಲ.

ಪ್ರಕಾಶ್ ಎದ್ದು ಹೊರಗೆ ಹೋದರು. ಹಿಟ್ಟಿನ ವ್ಯಾನಿಗೆ ಒರಗಿ ನಿಂತರು. ಸುಮಾ ಹಿಂದೆಯೇ ಓಡಿದಳು. ಗಾಜಿನ ಬಾಗಿಲಿನಾಚೆ ಅವರ ಮಾತು ಕೇಳಿಸಿತು.

"ಎರಡು ವರ್ಷ ಸುಮಾ! ಒಂದು ಮಾತು ಹೇಳಕ್ಕಾಗ್ಲಿಲ್ವಾ? ಆ ಸಾಲ ಸಾಲಾನೇ ಅಲ್ಲ, ಮನ್ನಾ ಆಗೋದು ಅಂತ ಬ್ಯಾಂಕಿಗೆ ಹೇಳಿ ಲೈನ್ ಜಾಸ್ತಿ ಮಾಡಿಸ್ಕೊಂಡಿದ್ದೀನಿ. ಈಗ ಏನು ಹೇಳ್ಲಿ?"

"ಬಡ್ಡಿ ಕಟ್ಟಕ್ಕೆ ಇರ್ಲಿಲ್ಲ ರೀ. ನಿಮಗೆ ಹೇಳಿದ್ರೆ ಟೆನ್ಷನ್ ಮಾಡ್ಕೋತಿದ್ರಿ."

"ಈಗ ಟೆನ್ಷನ್ ಇಲ್ವಾ?"

ಬ್ಯಾಂಕಿಗೆ ಸುದ್ದಿ ಮುಟ್ಟಲು ತಡವಾಗಲಿಲ್ಲ. ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗುತ್ತಿವೆ ಎಂದು ಟಿವಿಯಲ್ಲಿ ದಿನಾ ತೋರಿಸುತ್ತಿರುವ ಕಾಲ, ಇಲ್ಲಿಯವರೂ ಹೆದರಿದ್ದರು. ಲೈನನ್ನು ಅರ್ಧಕ್ಕೆ ಇಳಿಸಿದರು. ತೆಗೆದುಕೊಂಡಿದ್ದರಲ್ಲಿ ಉಳಿದರ್ಧ ಬೇಗ ತುಂಬಿ ಎಂದರು. ಬೇಕಾದಾಗ ತಗೋ ಎಂದವರು, ಬೇಕಾದಾಗ ಕೊಡು ಎಂದರು! ಕ್ವೇಕರ್ಸ್ ಹಿಲ್ ಮನೆಗೆ ಬೆಲೆ ಕಟ್ಟಲು ಬ್ಯಾಂಕಿನ ಕಡೆಯ ಒಬ್ಬ ಬಂದು ಟೇಪು ಹಿಡಿದು ಕೋಣೆ ಕೋಣೆ ಅಳೆದನಂತೆ. ಹಿತ್ತಲಿನ ತುಳಸಿ ಕುಂಡದ ಫೋಟೋ ಸಹ ತೆಗೆದುಕೊಂಡು ಹೋದನಂತೆ.

ನವೀನ ಫೋನಿನಲ್ಲಿ ಗೋಳಾಡಿದ. "ಅಯ್ಯ ಅಜ್ಜಿ, ಎಂಥಾ ಕೆಲಸ ಮಾಡಿದ್ರಿ! ಜಗತ್ತಿನ್ಯಾಗ ಸಂಬಳ ಕೊಡಲಾರದ್ದಕ್ಕ ಕಂಪನಿ ಸಿಕ್ಕಿ ಬೀಳತಾವ. ನಿಮ್ಮದೊಂದ ನೋಡ್ರಿ, ಸಂಬಳ ತಗೊಳ್ಳಲಾರದ್ದಕ್ಕ ಸಿಕ್ಕಿಬಿದ್ದದ್ದು."

ನಾನು ದಂಗಾಗಿ ಕುಳಿತೆ. ಈಗಲೂ ಹಾಗೇ ಇದ್ದೇನೆ. ಅದೇ ಕೈ, ಅದೇ ಹಿಟ್ಟು, ಅದೇ ಎಂಟು ಗಂಟೆ. ದುಡ್ಡು ಇಟ್ಟುಕೊಂಡಿದ್ದರೆ ಅದು ಕೆಲಸ. ತಿರುಗಿ ಕೊಟ್ಟಿದ್ದಕ್ಕೆ ಅದು ಕೆಲಸವೇ ಅಲ್ಲ. ನಮ್ಮ ಊರಲ್ಲಿ ಕೈ ಚಾಚಿದರೆ ತಪ್ಪು, ಇಲ್ಲಿ ಚಾಚದಿದ್ದರೆ ತಪ್ಪು. ಎರಡು ಕೈಯನ್ನು ಎಲ್ಲಿಟ್ಟುಕೊಳ್ಳಬೇಕು ಹೇಳಿ?

ಮೂರನೆಯ ದಿನ ಧೈರ್ಯ ಮಾಡಿ ಸಿಡ್ನಿಗೆ ಫೋನ್ ಮಾಡಿದೆ. ಅಳಿಯನ ಹತ್ತಿರ ನೇರವಾಗಿ ನಾನು ಮಾತಾಡಿದವಳೇ ಅಲ್ಲ. ಊಟಕ್ಕೆ ಏಳಿ ಎನ್ನುವುದಕ್ಕೂ ಸುಮಾಳನ್ನೇ ಕಳಿಸುತ್ತಿದ್ದೆ.

"ಪ್ರಕಾಶ್, ನನ್ನಿಂದ ತಪ್ಪಾಯ್ತು."

ಆ ಕಡೆ ವ್ಯಾನಿನ ಬಾಗಿಲು ಮುಚ್ಚಿದ ಸದ್ದಾಯಿತು.

"ಅತ್ತೆ, ತಪ್ಪು ನಿಮ್ದಲ್ಲ. ನಿಮ್ಮ ಕೆಲಸಕ್ಕೆ ಹೊರಗಿನವರನ್ನ ಇಟ್ಟಿದ್ರೆ ಅವರು ಸಂಬಳ ವಾಪಸ್ ಕೊಡ್ತಿದ್ರಾ? ಎರಡು ವರ್ಷ ನೀವು ಒಂದು ಸೀರೆ ತಗೊಳ್ಲಿಲ್ಲ. ಆ ದುಡ್ಡೆಲ್ಲ ಏನಾಯ್ತು ಅಂತ ನಾನು ಒಂದು ಸಲ ಕೇಳ್ಬೇಕಿತ್ತು. ಕೇಳ್ಲಿಲ್ಲ."

ಫೋನ್ ಇಟ್ಟೆವು.

ಹೋದ ವಾರ ಸರ್ಕಾರದ ಕಾಗದ ಬಂತು. ಸಾಲ ಮನ್ನಾ ಆಗಿಲ್ಲ, ಇನ್ನು ಮುಂದೆ ಬಡ್ಡಿ ಬೀಳುತ್ತದೆ. ಆದರೆ ಈ ಹೆಂಗಸು ನಿಜವಾಗಿ ದುಡಿಯುತ್ತಾಳೆ ಎಂದು ಆಫೀಸರು ವರದಿಯಲ್ಲಿ ಬರೆದಿದ್ದರಂತೆ. ಹಾಗಾಗಿ ಮನ್ನಾಕ್ಕೆ ಕೊನೆಯ ಅವಕಾಶವಾಗಿ ಇನ್ನೊಂದು ವರ್ಷ. ಎಂಟೂ ಜನಕ್ಕೆ ಸಂಬಳ ಬ್ಯಾಂಕ್ ಖಾತೆಗೇ ಹೋಗಬೇಕು, ಹೋದದ್ದು ಕಂಪನಿಗೆ ತಿರುಗಿ ಬರಬಾರದು. ಒಂದು ವಾರ ತಪ್ಪಿದರೂ ಪೂರ್ತಿ ಸಾಲ ಕಟ್ಟಬೇಕು. ಅಷ್ಟು ದಿನ ಬ್ಯಾಂಕಿನವರ ಬಾಯಿ ಮುಚ್ಚಿಸಲು ಪ್ರಕಾಶ್ ಸಿಡ್ನಿಯ ಎರಡು ವ್ಯಾನಿನಲ್ಲಿ ಒಂದನ್ನು ಮಾರಿದ್ದಾರೆ.

ಅಂದರೆ, ಮಗಳ ಮನೆ ಉಳಿಯಬೇಕಾದರೆ ನಾನು ಮಗಳ ಮನೆಯ ದುಡ್ಡು ತೆಗೆದುಕೊಳ್ಳಲೇಬೇಕು. ಅಮ್ಮಾ, ನೀನು ಬದುಕಿದ್ದರೆ ಏನೆನ್ನುತ್ತಿದ್ದೆ?

ಮೊನ್ನೆ ಗುರುವಾರ ಸುಮಾ ನನ್ನನ್ನು ಬ್ಯಾಂಕಿಗೆ ಕರೆದುಕೊಂಡು ಹೋದಳು. ಕೌಂಟರಿನಲ್ಲಿ ಚಿಕ್ಕ ವಯಸ್ಸಿನ ಹುಡುಗಿ, ನಗುಮುಖ. ಖಾತೆ ತೆರೆಯಲು ಒಂದೊಂದೇ ಕೇಳಿ ಕಂಪ್ಯೂಟರಿಗೆ ತುಂಬಿಸಿದಳು. ಹೆಸರು, ವಿಳಾಸ, ಉದ್ಯೋಗ. ಸುಮಾ ಫರ್ಮೆಂಟೇಷನ್ ಸೂಪರ್‌ವೈಸರ್ ಎಂದಾಗ ಆ ಹುಡುಗಿ ಹುಬ್ಬೇರಿಸಿ, ವಾವ್ ಎಂದಳು. ಆಮೇಲೆ ಇನ್ನೇನೋ ಕೇಳಿದಳು.

"ಏನಂತೆ?"

"ಇದಕ್ಕೆ ಮುಂಚೆ ಏನು ಕೆಲಸ ಮಾಡ್ತಿದ್ರಿ, ಅಥವಾ ಇದೇ ಮೊದಲನೇದಾ ಅಂತ." ಸುಮಾ ನನ್ನ ಮುಖ ನೋಡದೆ ಹೇಳಿದಳು.

ಒಂಬತ್ತನೇ ವಯಸ್ಸಿಗೆ ಬಿಂದಿಗೆ ಹೊತ್ತೆ. ಹದಿನೇಳಕ್ಕೆ ಮದುವೆಯಾಗಿ ಹನ್ನೊಂದು ಜನರಿಗೆ ಬೇಯಿಸಿದೆ. ನಾಲ್ಕು ಹಸು ಕರೆದೆ. ಹಾಲಿನ ಡೈರಿಯ ಲೆಕ್ಕದ ಪುಸ್ತಕ ಮಾವನವರ ಹೆಸರಿನಲ್ಲಿತ್ತು. ಅತ್ತೆಯನ್ನು ಏಳು ವರ್ಷ ಹಾಸಿಗೆಯಲ್ಲೇ ತೊಳೆದೆ. ಇದೆಲ್ಲ ಆ ಹುಡುಗಿಯ ಕಂಪ್ಯೂಟರಿನಲ್ಲಿ ಎಲ್ಲಿ ಹಿಡಿಸಬೇಕು? ಹಿಂದೆ ಕ್ಯೂ ಬೇರೆ ಇತ್ತು.

"ಹೌದು, ಇದೇ ಮೊದಲನೇದು ಅಂತ ಹೇಳು" ಎಂದೆ.

ಹುಡುಗಿ ನಕ್ಕು, ಕಂಗ್ರಾಜುಲೇಷನ್ಸ್ ಎಂದು, ಬಟನ್ ಒತ್ತಿದಳು.

ನನ್ನ ನಿಜವನ್ನು ಎರಡು ವರ್ಷದ ಕಾಗದ ಹರಡಿಕೊಂಡು ಪರೀಕ್ಷೆ ಮಾಡಿದರು. ಈ ಸುಳ್ಳಿಗೆ ಒಂದು ಸಾಕ್ಷಿಯನ್ನೂ ಕೇಳಲಿಲ್ಲ.